ಇವತ್ತು ಯಾರ ಗದ್ದೆ?

"ವಾಚು ಕೆಳಗಿಳ್ಸಿ ಮೇಡಮ್ಮೋರೆ."

ವೀಣ ಬೆಚ್ಚಿ ತಿರುಗಿದಳು. ಅವಳ ಅಂಗೈಯಲ್ಲಿದ್ದ ಸ್ಟಾಪ್‌ವಾಚಿನ ಮೇಲೆ ಇನ್ನೊಂದು ಕೈ ಬಂದು ಕೂತಿತ್ತು, ಅಂಕಿ ಕಾಣದ ಹಾಗೆ. ಆ ಕೈಯ ಒಡೆಯನ ಕಣ್ಣಲ್ಲಿ ಇದ್ದದ್ದು ಸಿಟ್ಟೋ ತಮಾಷೆಯೋ ಅವಳಿಗೆ ತಿಳಿಯಲಿಲ್ಲ.

"ಯಾಕೆ? ನಾನು ನನ್ನ ಕೆಲಸ ಮಾಡ್ತಾ ಇದೀನಿ."

"ಮಾಡಿ, ಬ್ಯಾಡ ಅನ್ನಲ್ಲ. ಆದ್ರೆ ಈ ಲೈನಲ್ಲಿ ಯಾರ ಬೆನ್ನಿಂದೆಯೂ ನಿಂತ್ಕಳಂಗಿಲ್ಲ. ನೋಡ್ಬೇಕು ಅಂದ್ರೆ ಮುಂದ್ಕೆ ಬಂದು ನೋಡಿ. ಅವ್ರೂ ನಿಮ್ಮನ್ನ ನೋಡ್ಲಿ."

ಅಷ್ಟು ಹೇಳಿ ಅವನು ಕೈ ತೆಗೆದುಕೊಂಡು ಹೊರಟೇ ಹೋದ. ಮೂವತ್ತು ಹೊಲಿಗೆ ಮಶೀನುಗಳ ಹಿಂದೆ ಮೂವತ್ತು ಹೆಂಗಸರು ತಲೆ ತಗ್ಗಿಸಿ ನಗು ನುಂಗಿಕೊಂಡರು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥ ಮಾತು ಕೇಳಿದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ವೀಣಳಿಗೂ ಉರಿಯಿತು. ಆದರೆ ಅವಳು ಹುಟ್ಟಿನಿಂದಲೇ ಕೆದಕುವ ಸ್ವಭಾವದವಳು. ಸಿಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಆರಿಹೋಯಿತು, ಪ್ರಶ್ನೆ ಮಾತ್ರ ಉಳಿದುಕೊಂಡಿತು. ಯಾರೀತ? ಇಷ್ಟು ಧೈರ್ಯ ಎಲ್ಲಿಂದ ಬಂತು ಇವನಿಗೆ?

ಹೆಸರು ಚಲುವರಾಜು. ಮದ್ದೂರಿನ ಹೊರಗಿರುವ ಆ ಸಿದ್ಧ ಉಡುಪಿನ ಕಾರ್ಖಾನೆಯ ಮೂರನೇ ಲೈನಿನ ಸೂಪರ್‌ವೈಸರ್. ಚಿಕ್ಕರಸಿನಕೆರೆ ಕಡೆಯ ರೈತರ ಮನೆಯ ಹುಡುಗ, ವಯಸ್ಸು ಮೂವತ್ತರ ಆಸುಪಾಸು.

ವೀಣ ಮಂಡ್ಯದವಳು. ಅವಳನ್ನು ಅಲ್ಲಿಗೆ ಕರೆಸಿಕೊಂಡಿದ್ದವರು ಕಾರ್ಖಾನೆಯ ಮ್ಯಾನೇಜರ್ ರಾಮಾನುಜ.

"ಆರು ತಿಂಗಳಲ್ಲಿ ಅರವತ್ತು ಜನ ಬಿಟ್ಟು ಹೋಗಿದ್ದಾರಮ್ಮ," ಎಂದಿದ್ದರು ಅವರು, ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ. "ಕಲಿಸ್ತೀವಿ, ಕೈ ಪಳಗುತ್ತೆ, ಒಂದು ದಿನ ಬರೋದೇ ಇಲ್ಲ. ಕೇಳಿದರೆ ಸಾಕಾಯ್ತು ಸಾರ್ ಅಂತಾರೆ. ಆದರೆ ಮೂರನೇ ಲೈನಿಂದ ಎರಡು ವರ್ಷದಿಂದ ಒಬ್ಬರೂ ಹೋಗಿಲ್ಲ. ಅದೇ ಮಶೀನು, ಅದೇ ಸಂಬಳ, ಅದೇ ಶೆಕೆ. ಯಾಕೆ ಅಂತ ನೀನು ಕಂಡುಹಿಡಿ."

ಅರವತ್ತು ಜನ ಯಾಕೆ ಹೋದರು ಎಂದು ವೀಣಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ್ದು ಈ ಮೂವತ್ತು ಜನ ಯಾಕೆ ಉಳಿದರು ಎಂಬುದು. ಆ ಉತ್ತರ ಮ್ಯಾನೇಜರಿಗಿಂತ ಹೆಚ್ಚಾಗಿ ಅವಳಿಗೇ ಬೇಕಾಗಿತ್ತು.

ಮಾರನೇ ದಿನದಿಂದ ಅವಳು ಎದುರಿಗೇ ನಿಂತಳು.

ಎದುರಿಗೆ ನಿಂತರೆ ಬೇರೆಯೇ ಕಾಣುತ್ತಿತ್ತು. ಬೆಳಗಿನ ಗಂಟೆ ಹೊಡೆಯುವ ಮುಂಚೆ ಮೂರನೇ ಲೈನಿನವರು ಐದು ನಿಮಿಷ ಗುಂಪಾಗಿ ನಿಲ್ಲುತ್ತಿದ್ದರು. ಹಿರಿಯಳಾದ ಹೊಂಬಾಳಮ್ಮ, ಕಾಲರ್ ಹೊಲಿಯುವವಳು, ಎಲ್ಲರ ಮುಖವನ್ನೂ ಒಂದು ಸುತ್ತು ನೋಡುತ್ತಿದ್ದಳು.

"ಇವತ್ತು ಯಾರ ಗದ್ದೆ?"

ಯಾರೋ ಒಬ್ಬಳು ಏನೋ ಹೇಳುತ್ತಿದ್ದಳು. ಉಳಿದವರು ತಲೆಯಾಡಿಸುತ್ತಿದ್ದರು. ವೀಣ ಹತ್ತಿರ ಬಂದರೆ ಮಾತು ನಿಂತು, ಎಲ್ಲರೂ ಮಶೀನಿಗೆ ಕೂರುತ್ತಿದ್ದರು.

ಗದ್ದೆ? ಸಿಮೆಂಟಿನ ನೆಲ, ತಗಡಿನ ಸೂರು, ಟ್ಯೂಬ್‌ಲೈಟು... ಇಲ್ಲೆಲ್ಲಿಯ ಗದ್ದೆ?

ಅವಳು ಚಲುವರಾಜುವನ್ನೇ ಕೇಳಿದಳು, ಟೀ ಬಿಡುವಿನಲ್ಲಿ.

"ಅದೇನ್ರೀ ಅದು, ಬೆಳಗ್ಗೆ ಬೆಳಗ್ಗೆ ಗದ್ದೆ ವಿಚಾರ?"

"ಅಳ್ಳಿಯೋರಲ್ವ. ಗದ್ದೆ ಮಾತು ಆಡ್ತಾರೆ."

"ನನ್ನ ಕಿವಿಗೆ ಹೂ ಇಡಬೇಡಿ."

ಅವನು ನಕ್ಕ. ನಕ್ಕಾಗ ಅವನ ಮುಖ ಪೂರ್ತಿ ಬೇರೆಯಾಗುತ್ತಿತ್ತು. ವೀಣ ತನ್ನ ಲೋಟದೊಳಗೆ ನೋಡತೊಡಗಿದಳು. ಇದೇನು ನನಗೆ, ಎಂದುಕೊಂಡಳು.

"ನಂಗೂ ಒಂದು ಕೇಳದದೆ," ಎಂದ ಅವನು. "ಇಷ್ಟು ಓದ್ಕಂಡು ಜನ ಯಾಕೆ ಕೆಲ್ಸ ಬುಡ್ತಾರೆ ಅಂತ ಉಡುಕ್ತಾ ತಿರುಗ್ತಿದ್ದೀರಲ್ಲ, ಯಾಕೆ?"

ಯಾರಿಗೂ ಹೇಳದ ಮಾತು ಅದು. ಅವನಿಗೆ ಯಾಕೆ ಹೇಳಿದಳೋ!

"ಹಿಂದಿನ ಆಫೀಸಲ್ಲಿ ಮೂರು ವರ್ಷ ಇದ್ದೆ. ಬೆಳಗಿಂದ ಸಂಜೆತನಕ ಪಟ್ಟಿ ತಯಾರಿಸೋದು. ಯಾರು ಓದ್ತಾರೆ, ಯಾಕೆ ಬೇಕು, ಒಂದೂ ಗೊತ್ತಿಲ್ಲ. ಒಂದು ದಿನ ನಾನು ಇಳಿಯೋ ಸ್ಟಾಪ್ ಬಂತು. ಕಂಡಕ್ಟರ್ ಕೂಗಿದ. ನನಗೆ ಕಾಲೇ ಬರಲಿಲ್ಲ. ಬಸ್ಸು ಹೋಗ್ತಾ ಹೋಗ್ತಾ ಕೊನೆಗೆ ಹಲಗೂರಲ್ಲಿ ನಿಂತಿತು. ಸಾಯಂಕಾಲದವರೆಗೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಹುಷಾರಿರಲಿಲ್ಲ ಅಂತ ಮನೇಲಿ ಸುಳ್ಳು ಹೇಳಿದೆ."

ಚಲುವರಾಜು ತನ್ನ ಪಾಲಿನ ಬಿಸ್ಕತ್ತನ್ನು ಅವಳ ಕಡೆ ಸರಿಸಿದ.

ವೀಣ ಅದನ್ನು ಮುರಿದು ಅರ್ಧ ಅವನಿಗೇ ವಾಪಸು ಕೊಟ್ಟಳು.

ಮೂರನೇ ವಾರದ ಗುರುವಾರ ಅವಳು ಅದನ್ನು ನೋಡಿದಳು.

ತೋಳು ಜೋಡಿಸುವ ಸೋಮಮ್ಮ ಹನ್ನೊಂದು ಗಂಟೆಗೆ ಮಶೀನ್ ನಿಲ್ಲಿಸಿ, ಅದರ ಪಕ್ಕದ ಹಲಗೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಯಾರೂ ಏಳಿಸಲಿಲ್ಲ. ಅಕ್ಕಪಕ್ಕದವರು ಅವಳ ಪಾಲಿನ ಬಂಡಲನ್ನು ಸದ್ದಿಲ್ಲದೆ ತಮ್ಮ ಕಡೆ ಎಳೆದುಕೊಂಡರು. ಚಲುವರಾಜು ತಾನೂ ಒಂದು ಖಾಲಿ ಮಶೀನಿಗೆ ಕೂತು ತೋಳು ಜೋಡಿಸಿದ. ಸರಿಯಾಗಿ ಇಪ್ಪತ್ತು ನಿಮಿಷ. ಸೋಮಮ್ಮ ಎದ್ದು ಮುಖ ಒರೆಸಿಕೊಂಡು ಕೆಲಸ ಮುಂದುವರಿಸಿದಳು. ಗಂಟೆಯ ಕೊನೆಗೆ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಟಾರ್ಗೆಟ್ ಪೂರ್ತಿಯಾಗಿತ್ತು.

ವೀಣ ತನ್ನ ಟಿಪ್ಪಣಿ ಪುಸ್ತಕ ತೆರೆದಳು. ಸಿಕ್ಕಿತು! ಏನು ಸಿಕ್ಕಿತು ಎಂಬುದು ಮಾತ್ರ ತಿಳಿಯಲಿಲ್ಲ. ಪುಸ್ತಕದಲ್ಲಿ ಬರೆದಳು: ಸೋಮಮ್ಮ, ಇಪ್ಪತ್ತು ನಿಮಿಷ ನಿದ್ದೆ. ಆದರೂ ಸಂಖ್ಯೆ ಪೂರ್ತಿ. ಹೇಗೆ? ಯಾಕೆ?

ಶುಕ್ರವಾರ ರಾಮಾನುಜ ವಾರದ ವರದಿ ಕೇಳಿದರು. ವರದಿ ಇನ್ನೂ ಬರೆದಿಲ್ಲ ಎಂದು ಅವಳು ಆ ಪುಸ್ತಕವನ್ನೇ ಕೊಟ್ಟುಬಿಟ್ಟಳು. ತಾನು ಬರೆದದ್ದು ಪ್ರಶ್ನೆ, ಅವರೂ ಪ್ರಶ್ನೆಯೆಂದೇ ಓದುತ್ತಾರೆ ಎಂದು ನಂಬಿದ್ದಳು ಪಾಪ.

ಸಂಜೆ ನೋಟಿಸ್ ಬೋರ್ಡಿಗೆ ಹಾಳೆ ಬಿತ್ತು. ಸುಳ್ಳು ಲೆಕ್ಕ ಬರೆದ ಕಾರಣ ಮೂರನೇ ಲೈನಿನವರನ್ನು ಮಂಗಳವಾರದಿಂದ ಬೇರೆ ಲೈನುಗಳಿಗೆ ಹಂಚಲಾಗುವುದು. ಸೂಪರ್‌ವೈಸರ್ ಚಲುವರಾಜು ಉಗ್ರಾಣಕ್ಕೆ.

ಗೇಟಿನ ಹತ್ತಿರ ಅವನು ನಿಂತಿದ್ದ. ವೀಣ ಓಡುತ್ತಲೇ ಹೋದಳು.

"ಚಲುವರಾಜು ಅವ್ರೇ, ನಾನು ದೂರು ಕೊಟ್ಟಿಲ್ಲ..."

"ಕೇಳಿದ್ರೆ ಯೋಳ್ತಿದ್ವಲ್ಲ ಮೇಡಮ್ಮೋರೆ."

"ಕೇಳಿದ್ದೆ. ನಿಮ್ಮನ್ನೇ ಕೇಳಿದ್ದೆ. ನೀವು ಹೇಳಲಿಲ್ಲ."

ಅವನು ಅವಳನ್ನು ಕಹಿಯಾಗಿ ನೋಡಿದ. ನಿಜವೇ ತಾನೆ? ಆದರೆ ನಿಜ ಕೇಳಿಸಿಕೊಂಡ ಗಂಡಸರೆಲ್ಲ ಮಾಡುವುದನ್ನೇ ಅವನೂ ಮಾಡಿದ. ಬೈಕ್ ಹತ್ತಿ ಹೊರಟುಹೋದ.

ಮಂಡ್ಯದ ಬಸ್ಸಿನಲ್ಲಿ ವೀಣ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೂವತ್ತು ಜನ ಬದುಕಲು ಕಂಡುಕೊಂಡಿದ್ದ ದಾರಿಯನ್ನು ಅವಳ ಪುಸ್ತಕ ಮುಚ್ಚಿಸಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದದ್ದು ಅವನು ನೋಡಿದ ಆ ನೋಟ.

ಶನಿವಾರ ಫೋನ್ ಬಂತು. ಹೊಂಬಾಳಮ್ಮ.

"ಯಾಕವ್ವ, ಅಳ್ತಾ ಕುಂತಿದ್ದೀಯಾ? ನಾಳೆ ಸೋಮಮ್ಮನ ಗದ್ದೆ ನಾಟಿ. ಬಾ."

"ನನ್ನ ಮೇಲೆ ಎಲ್ಲರಿಗೂ ಸಿಟ್ಟಿಲ್ವಾ?"

"ಅದೆ. ಅದ್ಕೇ ಬಾ ಅಂತಿರದು. ಮನೇಲಿ ಕುಂತ್ರೆ ಸಿಟ್ಟು ಓಯ್ತದಾ?"

ಭಾನುವಾರ ಚಿಕ್ಕರಸಿನಕೆರೆಯಲ್ಲಿ ಬಸ್ಸಿಳಿದು, ನಾಲೆಯ ಏರಿ ಹಿಡಿದು ಅವಳು ನಡೆದಳು. ಕೆಸರಿನ ಗದ್ದೆಯಲ್ಲಿ ಮೂರನೇ ಲೈನಿನ ಹೆಂಗಸರು ಸಾಲಾಗಿ ಬಗ್ಗಿದ್ದರು. ಚಲುವರಾಜು ಚಡ್ಡಿಯಲ್ಲಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಪೈರಿನ ಕಟ್ಟುಗಳನ್ನು ಎಸೆಯುತ್ತಿದ್ದ. ಅವಳನ್ನು ನೋಡಿ ಒಂದು ಗಳಿಗೆ ಕೈ ನಿಂತಿತು. ಆಮೇಲೆ ಅವಳು ಇಳಿದ ಜಾಗಕ್ಕೇ ಒಂದು ಕಟ್ಟು ಬಂದು ಬಿತ್ತು.

ವೀಣ ನೆಟ್ಟ ಸಾಲು ಸೊಟ್ಟಗಾಯಿತು. ಪಕ್ಕದವಳು ಕಿತ್ತು ಮತ್ತೆ ನೆಟ್ಟಳು. ಯಾರೂ ಬೈಯಲಿಲ್ಲ.

"ಎಲ್ರಿಗೂ ಕೂಲಿ ಎಷ್ಟು ಹೊಂಬಾಳಮ್ಮ?"

ಗದ್ದೆಯಿಡೀ ನಗು ಎದ್ದಿತು.

"ಕೂಲಿ ಎಲ್ಲಿ ಬಂತವ್ವ, ಇದು ಮುಯ್ಯಾಳು. ಇವತ್ತು ನಾವು ಸೋಮಿ ಗದ್ದೇಲಿ ಬಗ್ಗುದ್ರೆ, ನಾಳೀಕೆ ಸೋಮಿ ನಮ್ ಗದ್ದೇಲಿ ಬಗ್ತಾಳೆ. ನಮ್ಮತ್ತೆ ಕಾಲದಿಂದ್ಲೂ ಇಂಗೇಯ."

ವೀಣ ಸೊಂಟ ನೆಟ್ಟಗೆ ಮಾಡಿ ನಿಂತಳು. ಸೋಮಮ್ಮ ಬದುವಿನ ಮೇಲೆ ಎಲ್ಲರಿಗೂ ನೀರು ಹಿಡಿದು ನಿಂತಿದ್ದಳು, ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಅವಳ ಗಂಡನಿಗೆ ಲಕ್ವ ಹೊಡೆದು ಐದು ತಿಂಗಳು. ಬೆಳಗಿನ ಜಾವ ಎದ್ದು ಅವನ ಮೈ ಒರೆಸಿ, ಊಟ ಮಾಡಿಸಿ ಬಸ್ಸು ಹಿಡಿಯುತ್ತಾಳೆಂದು ಹೊಂಬಾಳಮ್ಮ ಹೇಳಿದಳು.

"ಅವತ್ತು ಗುರುವಾರ... ಸೋಮಮ್ಮನ ಗದ್ದೆಯಾಗಿತ್ತಾ?"

"ಊಂ. ಅವತ್ತು ಮೂವತ್ ಜನ ಒಲ್ದಿದ್ದು ಅವ್ಳ ಇಪ್ಪತ್ ನಿಮಿಸದ ನಿದ್ದೆಗೆ. ಅದ್ರ ಮದ್ಲಿನ್ ದಿನ ಒಬ್ಳ ಮಗಳು ಪರೀಕ್ಸೆ ಬರೀತಿದ್ಲು, ಅವ್ಳ ಗದ್ದೆ. ಅಂಗಿ ಯಾರ್ ಆಕ್ಕತಾರೆ ಅಂತ ನಮ್ಗೇನ್ ಗೊತ್ತವ್ವ? ಯಾರ್ಗೋಸ್ಕರ ಒಲೀತಿದ್ದೀವಿ ಅಂತ್ಲಾದ್ರೂ ಗೊತ್ತಿರ್ಬೇಕಲ್ಲ."

"ಹಾಗಾದ್ರೆ ಸೊಂಟ ನೋಯಲ್ವಾ?"

"ನೋಯ್ತದೆ ಕಣವ್ವ. ಯಾಕೆ ನೋಯ್ತದೆ ಅಂತ ಗೊತ್ತಿರ್ತದೆ."

ವೀಣ ಮತ್ತೆ ಬಗ್ಗಿ ನೆಡತೊಡಗಿದಳು. ಕಣ್ಣೀರು ಕೆಸರಿಗೆ ಬಿದ್ದರೆ ಯಾರಿಗೂ ಕಾಣುವುದಿಲ್ಲವಲ್ಲ, ಅದೇ ಪುಣ್ಯ. ಹಲಗೂರಿನ ಬೆಂಚಿನ ಮೇಲೆ ಕೂತಿದ್ದ ಹುಡುಗಿಯನ್ನು ಆ ದಿನ ಒಬ್ಬರಾದರೂ, ನಿನಗೇನಾಗಬೇಕು ಎಂದು ಕೇಳಿದ್ದರೆ!

ಮಧ್ಯಾಹ್ನ ಹೊಂಗೆ ಮರದಡಿ ಮುದ್ದೆ, ಉಪ್ಸಾರು. ಚಲುವರಾಜು ಒಂದು ಮಾರು ದೂರದಲ್ಲಿ ಬಂದು ಕೂತ.

"ಮದ್ಲು ನಾನೂ ಬೆನ್ನಿಂದೆ ನಿಂತ್ಕಳನೇಯ," ಎಂದ, ತಟ್ಟೆ ನೋಡುತ್ತಲೇ. "ಒಂದಿನ ಒಬ್ಳು ಉಡ್ಗಿ ಮಶೀನ್ ಮುಂದೆ ಕೈ ನಡುಗ್ತಾ ಕುಂತಿದ್ಲು. ಟಾರ್ಗೆಟ್ ಎಲ್ಲಿ ಅಂತ ಕಿರುಚ್ದೆ. ಎದ್ದು ಸೀದಾ ಗೇಟ್ ದಾಟಿ ಓಗ್ಬುಟ್ಲು. ಚಪ್ಲೀನೂ ಆಕ್ಕಳ್ಲಿಲ್ಲ. ಆ ಚಪ್ಲಿ ಒಂದ್ ವಾರ ಅಲ್ಲೇ ಇತ್ತು. ದಿನಾ ಅದನ್ನ ನೋಡ್ಕಂಡೇ ಒಳೀಕೋಗ್ಬೇಕಿತ್ತು ನಾನು."

"ಆಮೇಲೆ?"

"ಹೊಂಬಾಳವ್ವ ಇದ್ನ ಸುರು ಮಾಡುದ್ಲು. ನಾನು ಬಾಯ್ ಮುಚ್ಕಂಡು ಜತೆಗೆ ನಿಂತ್ಕಂಡೆ. ಆಫೀಸ್ಗೆ ಗೊತ್ತಾದ್ರೆ ನಿಲ್ಲುಸ್ಬುಡ್ತಾರೆ ಅಂತ ಎದ್ರಿಕೆ. ಅದ್ಕೇ ನಿಮ್ಗೂ ಯೋಳ್ಲಿಲ್ಲ." ತಟ್ಟೆ ಕೆಳಗಿಟ್ಟ. "ತಪ್ಪು ನಂದೂ ಅದೆ."

"ನನ್ನದು ಜಾಸ್ತಿ. ನಾಳೆ ಸರ್ ಹತ್ರ ಮಾತಾಡ್ತೀನಿ. ಕೇಳದಿದ್ರೆ ನನ್ನ ಕೆಲಸ ಹೋಗಲಿ."

ಅವನು ತಲೆಯೆತ್ತಿ ನೋಡಿದ. ಈ ನೋಟದಲ್ಲಿ ಶುಕ್ರವಾರದ ಕಹಿ ಇರಲಿಲ್ಲ. ವೀಣಳಿಗೆ ಮುದ್ದೆ ನುಂಗುವುದೇ ಮರೆತುಹೋಯಿತು.

ಸೋಮವಾರ, ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ರಾಮಾನುಜರ ಮೇಜಿನ ಮುಂದೆ ವೀಣ ನಿಂತಿದ್ದಳು.

"ಸರ್, ಉಳಿದವರು ಯಾಕೆ ಉಳಿದರು ಅಂತ ಕೇಳಿದ್ರಿ. ಉತ್ತರ ಸಿಕ್ಕಿದೆ. ಅದನ್ನೇ ನೀವು ನಾಳೆಯಿಂದ ನಿಲ್ಲಿಸ್ತಾ ಇದೀರಿ."

ಅವಳು ಎಲ್ಲವನ್ನೂ ಹೇಳಿದಳು. ಅವರು ಹಣೆ ಒತ್ತಿಕೊಂಡರು.

"ಒಬ್ಬರ ಕೆಲಸ ಇನ್ನೊಬ್ಬರ ಹೆಸರಲ್ಲಿ ಬರೆದರೆ ಮೋಸ ಅಲ್ವೇನಮ್ಮ ಅದು?"

"ಹಾಳೆ ಪ್ರಕಾರ ಮೋಸವೇ. ಆದರೆ ಈ ಮೂರು ವಾರದಲ್ಲಿ ಲೈನಿನ ಒಟ್ಟು ಕೆಲಸ ಒಂದು ದಿನವೂ ಕಮ್ಮಿಯಾಗಿಲ್ಲ. ನಾನೇ ಎಣಿಸಿದ್ದೀನಿ. ಒಂದೇ ಒಂದು ಸಲ ಬಂದು ನೋಡಿ ಸರ್. ಎದುರಿಗೆ ನಿಂತು."

ಅವಳ ಹಟಕ್ಕೋ ಏನೋ, ಅವರು ಎದ್ದು ಬಂದರು. ಮ್ಯಾನೇಜರ್ ಬಂದದ್ದು ನೋಡಿ ಹೆಂಗಸರ ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಚಲುವರಾಜು ಮುಂದೆ ಬಂದು ವೀಣಳ ಪಕ್ಕ ನಿಂತ.

ಹೊಂಬಾಳಮ್ಮ ಮಾತ್ರ ಯಾವತ್ತಿನಂತೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಅವಳ ಕಣ್ಣು ರಾಮಾನುಜರ ಮೇಲೆ ನಿಂತಿತು.

"ಇವತ್ತು ಸಾರ್ ಗದ್ದೆ ಮಾಡಮ್ವ?"

"ನಂದಾ? ನನಗೇನೂ ಬೇಡಮ್ಮ."

"ಬ್ಯಾಡ ಅನ್ನೋರ್ಗೇ ಜಾಸ್ತಿ ಬೇಕಾಗಿರ್ತದೆ. ಯೋಳಿ ಸಾರ್, ಏನ್ ಆಗ್ಬೇಕು ನಿಮ್ಗೆ?"

ರಾಮಾನುಜ ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಮೂವತ್ತು ಜನ ಕಾದರು.

"ನಾಲ್ಕು ತಿಂಗಳಾಯ್ತು," ಎಂದರು ಕೊನೆಗೆ, ಯಾರನ್ನೂ ನೋಡದೆ. "ಮಗಳ ಜೊತೆ ಕೂತು ಊಟ ಮಾಡಿ. ನಾನು ಮನೆಗೆ ಹೋಗೋ ಹೊತ್ತಿಗೆ ಅವಳು ಮಲಗಿರ್ತಾಳೆ. ಮೊನ್ನೆ ಅವಳ ಸ್ಕೂಲಿನ ಚಿತ್ರದಲ್ಲಿ ಮನೆಯವರನ್ನೆಲ್ಲ ಬರೆದಿದ್ದಾಳೆ. ನಾನಿಲ್ಲ ಅದರಲ್ಲಿ."

ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಹೊಂಬಾಳಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು.

"ಐದು ಗಂಟೇಗೆ ಎದ್ದೋಗ್ಬೇಕು ನೀವು. ಇವತ್ತಿನ್ ಕೆಲ್ಸ ಅಷ್ಟೊತ್ಗೆ ಮುಗ್ಸದು ನಮ್ ಜವಾಬ್ದಾರಿ. ನಡೀರವ್ವ, ಕುಂತ್ಕಳಿ."

ಆ ದಿನ ಮಶೀನುಗಳ ಸದ್ದೇ ಬೇರೆಯಿತ್ತು. ವೀಣ ಗುಂಡಿ ಪೋಣಿಸಿದಳು, ದಾರ ಕತ್ತರಿಸಿದಳು, ಕೈಗೆ ಸಿಕ್ಕಿದ್ದೆಲ್ಲ ಮಾಡಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ಬಂಡಲ್ ಕಟ್ಟಾಯಿತು. ರಾಮಾನುಜ ಊಟದ ಡಬ್ಬಿ ಹಿಡಿದು ಬಂದು, ಎಲ್ಲರಿಗೂ ಒಮ್ಮೆ ಕೈ ಮುಗಿದು, ಹಗಲು ಬೆಳಕಲ್ಲೇ ಮನೆಗೆ ಹೋದರು.

ಮಂಗಳವಾರ ಬೆಳಗ್ಗೆ ನೋಟಿಸ್ ಬೋರ್ಡಿನ ಹಾಳೆಯನ್ನು ಅವರೇ ಕಿತ್ತರು.

"ಸುಳ್ಳು ಬರೆಯೋದು ಬೇಡ," ಎಂದರು ವೀಣಳಿಗೆ. "ಹಾಳೇನೇ ಬದಲಾಯಿಸು. ಒಬ್ಬೊಬ್ಬರ ಸಂಖ್ಯೆ ಬೇಡ, ಇಡೀ ಲೈನಿಂದು ಒಂದೇ ಸಂಖ್ಯೆ ಬರಲಿ. ಉಳಿದ ಲೈನಿಗೂ ಇದನ್ನ ಹೇಳಿಕೊಡಿ, ಆದರೆ ಬಲವಂತ ಮಾಡಬೇಡಿ." ಬಾಗಿಲವರೆಗೆ ಹೋದವರು ತಿರುಗಿದರು. "ನಿನ್ನೆ ಮೂರು ದೋಸೆ ತಿಂದಳು ಕಣಮ್ಮ ನನ್ನ ಮಗಳು."

ಎರಡು ತಿಂಗಳು ಕಳೆಯಿತು. ಎರಡನೇ ಲೈನಿನವರು ಬೇಗ ಕಲಿತರು. ಒಂದನೇ ಲೈನಿನವರು ಜಗಳವಾಡಿಕೊಂಡೇ ಕಲಿತರು. ನಾಲ್ಕನೆಯವರಿಗೆ ಇನ್ನೂ ಒಗ್ಗಿರಲಿಲ್ಲ. ಬಿಟ್ಟು ಹೋಗುವುದು ಪೂರ್ತಿ ನಿಲ್ಲದಿದ್ದರೂ ಕಡಿಮೆಯಾಯಿತು. ವೀಣ ಬೆಳಗ್ಗೆ ಅಲಾರಂ ಹೊಡೆಯುವ ಮುಂಚೆಯೇ ಏಳುತ್ತಿದ್ದಳು. ಯಾರ ಮುಖ ನೆನೆದು ಏಳುತ್ತಿದ್ದಳು ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಅವನೂ ಏನೂ ಹೇಳಿರಲಿಲ್ಲ. ಟೀ ತಂದು ಕೊಡುತ್ತಿದ್ದ, ಬಸ್ಸು ಬರುವವರೆಗೆ ಜೊತೆಗೆ ನಿಲ್ಲುತ್ತಿದ್ದ, ಅಷ್ಟೆ.

ಆಗ ರಾಮಾನುಜ ಕರೆದು ಹೇಳಿದರು. ಮಳವಳ್ಳಿಯಲ್ಲಿ ಹೊಸ ಶಾಖೆ ಶುರುವಾಗುತ್ತಿದೆ. ಮೊದಲ ದಿನದಿಂದಲೇ ಈ ಪದ್ಧತಿ ಬರಬೇಕು. ವೀಣ ಹೋಗಬೇಕು, ಮುಂದಿನ ತಿಂಗಳು.

ಸಂಜೆ ಮದ್ದೂರು ಬಸ್ ನಿಲ್ದಾಣದಲ್ಲಿ ಇಬ್ಬರೂ ನಿಂತಿದ್ದರು. ಒಂದು ಮಂಡ್ಯ ಬಸ್ಸು ಬಂದು ಹೋಯಿತು. ವೀಣ ಹತ್ತಲಿಲ್ಲ. ಇನ್ನೊಂದು ಬಂದು ಹೋಯಿತು.

"ಓಯ್ತೀರಾ ಮಳವಳ್ಳಿಗೆ?" ಎಂದ ಕೊನೆಗೆ.

"ಹೋಗ್ತೀನಿ. ಅಲ್ಲೂ ಯಾರೋ ಒಬ್ಬಳು ಕೈ ನಡುಗ್ತಾ ಕೂತಿರ್ತಾಳಲ್ಲ. ಆದರೆ..."

"ಆದ್ರೆ?"

ಹೇಳೇ, ಹೇಳಿಬಿಡೇ ಎಂದು ಮನಸ್ಸು ಒದ್ದಾಡಿತು. ಅವಳು ಬಸ್ಸು ಬರುವ ದಿಕ್ಕಿಗೆ ನೋಡಿದಳು. ಅವನು ಶರ್ಟಿನ ತೋಳನ್ನು ಮಡಚಿದ, ಬಿಚ್ಚಿದ.

"ನಮ್ಮವ್ವಂಗೆ ಯೋಳ್ಬುಟ್ಟಿವ್ನಿ."

"ಏನಂತ?"

"ನಮ್ಮನೇಗೆ ಒಬ್ರು ಬತ್ತಾರೆ ಅಂತ. ಮಂಡ್ಯದೋರು ಅಂತ. ಬಲೇ ಕೆದುಕ್ತಾರೆ, ಆದ್ರೆ ಒಳ್ಳೇವ್ರು ಅಂತ."

ವೀಣಳ ಕಿವಿ ಬಿಸಿಯಾಯಿತು.

"ಯಾವಾಗ ಹೇಳಿದ್ರಿ?"

"ನಾಟಿ ದಿನ."

"ಎರಡು ತಿಂಗಳಾಯ್ತು!"

"ಊಂ. ದಿನಾ ಕೇಳ್ತಾಳೆ ಅವ್ವ, ಎಲ್ಲಪ್ಪ ಬಂದೇ ಇಲ್ಲ ಅಂತ. ನಾಳೆ ಬತ್ತಾರೆ, ನಾಡಿದ್ದು ಬತ್ತಾರೆ ಅಂತ ಸುಳ್ಳು ಯೋಳಿ ಸಾಕಾಗೋಯ್ತು. ಭಾನ್ವಾರ ಅವ್ಳನ್ನೇ ಕರ್ಕಂಡು ನಿಮ್ಮನೇಗೆ ಬತ್ತೀನಿ."

"ಬನ್ನಿ. ಆದರೆ ನಾನಿನ್ನೂ ಒಪ್ಪಿಲ್ಲ."

ಅವನ ಮುಖ ಇಳಿದುಹೋಯಿತು. "ಒಪ್ಪಿಲ್ವಾ?"

"ಊರಿಗೆಲ್ಲ ಹೇಳಿದ್ದೀರಿ. ನನ್ನನ್ನ ಕೇಳೇ ಇಲ್ವಲ್ಲ ನೀವು."

ಚಲುವರಾಜು ತಲೆ ಕೆರೆದುಕೊಂಡ. ಎರಡು ತಿಂಗಳಿಂದ ಹಗಲೂ ರಾತ್ರಿ ಇದನ್ನೇ ಯೋಚಿಸಿ ಯೋಚಿಸಿ, ಕೇಳಿಯಾಗಿದೆ ಎಂದೇ ಅಂದುಕೊಂಡಿದ್ದನೇನೋ. ಅವಳ ಎದುರಿಗೆ ಬಂದು ನಿಂತ. ಧ್ವನಿ ತಗ್ಗಿತು.

"ವೀಣ... ನನ್ನ ಮದ್ವೆ ಆಯ್ತೀಯಾ?"

ಮೂರನೇ ಮಂಡ್ಯ ಬಸ್ಸು ಬಂದು ನಿಂತಿತು. ಕಂಡಕ್ಟರು ಹತ್ತಿ ಹತ್ತಿ ಎಂದು ಕೂಗಿದ. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು. ಕಣ್ಣು ತುಂಬಿತ್ತು, ನಗುತ್ತಿದ್ದಳು.

"ಹೂಂ. ಭಾನುವಾರ ಬೇಗ ಬನ್ನಿ. ಅತ್ತೆ ಕಾಯ್ತಿದ್ದಾರೆ, ಇನ್ನೂ ಕಾಯಿಸಬೇಡಿ."